ಹಾಲು ದಕ್ಕದ ಕೂಸಿಗೆ ಯಾವ ದಾರಿ? ಒಳಲೆಯಿಂದ ಹೊಟ್ಟೆ ಟ್ಯೂಬ್ ತನಕ ಒಂದು ಹೋಲಿಕೆ

ಕೂಸು ಕುಡಿದಿದ್ದನ್ನೆಲ್ಲಾ ಕಕ್ಕುತ್ತೆ, ಬೆನ್ನು ಹಿಂದಕ್ಕೆ ಸೆಟೆಸಿ ಅಳುತ್ತೆ, ತೂಕ ಮಾತ್ರ ಏರಲ್ಲ ಅಂದ್ರೆ ಮನೇಲಿ ಒಬ್ಬೊಬ್ರು ಒಂದೊಂದು ಹೇಳೋಕೆ ಶುರು ಮಾಡ್ತಾರೆ. ಅಜ್ಜಿ ಬಜೆ ತೇಯ್ತಾರೆ, ಪಕ್ಕದ್ಮನೆಯೋರು ಡಬ್ಬಿ ಹಾಲು ಬದಲಾಯಿಸ್ರಿ ಅಂತಾರೆ, ಮೆಡಿಕಲ್ ಶಾಪ್ ಹುಡುಗ ಯಾವುದೋ ಡ್ರಾಪ್ಸ್ ಕೊಡ್ತಾನೆ, ಬೆಂಗಳೂರಲ್ಲಿರೋ ಮಾವ ಇಲ್ಲಿಗೇ ಕರ್ಕೊಂಡು ಬಂದ್ಬಿಡ್ರಿ ಅಂತ ಫೋನ್ ಮಾಡ್ತಾರೆ. ಒಂದೇ ವಾರದಲ್ಲಿ ನಾಲ್ಕೂ ಮಾಡಿದ್ರೆ ಕೂಸು ಸುಧಾರಿಸಿದ್ರೂ ಯಾವುದರಿಂದ ಅಂತ ಗೊತ್ತಾಗಲ್ಲ, ಇನ್ನೂ ಕೆಟ್ರೂ ಯಾವುದರಿಂದ ಅಂತ ಗೊತ್ತಾಗಲ್ಲ.

ಅದಕ್ಕೆ ಇಲ್ಲಿ ಒಂದೊಂದು ಕವಲಲ್ಲೂ ಇರೋ ದಾರಿಗಳನ್ನ ಎದುರು ಬದುರು ಇಟ್ಟು ನೋಡೋಣ ಅಂತ. ನನ್ನ ಅಳತೆ ಎರಡೇ. ಒಂದು ಕೂಸಿನ ತೂಕ. ಇನ್ನೊಂದು, ರಾತ್ರಿ 2 ಗಂಟೆಗೆ ಎದ್ದು ಆ ಕೆಲಸ ಮಾಡೋರು ಯಾರು ಅನ್ನೋದು. ಡಾಕ್ಟ್ರು ಮೊದಲನೇದನ್ನ ನೋಡ್ತಾರೆ, ಎರಡನೇದನ್ನ ನಾವೇ ಬಾಯಿಬಿಟ್ಟು ಹೇಳಬೇಕು, ಯಾಕಂದ್ರೆ ಪುಸ್ತಕದಲ್ಲಿ ಎಷ್ಟೇ ಒಳ್ಳೆ ದಾರಿ ಆಗಿದ್ರೂ ಮನೇಲಿ ಮಾಡೋಕೆ ಆಗದಿದ್ರೆ ನಾಲ್ಕು ದಿನಕ್ಕೆ ನಿಂತು ಹೋಗುತ್ತೆ.

ಕಾಯಬಹುದಾ, ಓಡಬೇಕಾ

ಎಳೆ ಕೂಸು ಹಾಲು ಕಕ್ಕೋದೇ ಒಂದು ರೋಗ ಅಲ್ಲ. ಅನ್ನನಾಳ ಹೊಟ್ಟೆ ಸೇರೋ ಜಾಗದ ಬಿಗಿ ಇನ್ನೂ ಬಲಿತಿರಲ್ಲ, ದಿನವಿಡೀ ಮಲಗೇ ಇರುತ್ತೆ, ಕುಡಿಯೋದು ಬರೀ ಹಾಲು, ಮೇಲಕ್ಕೆ ಬರದೇ ಇನ್ನೇನಾಗುತ್ತೆ. 4 ತಿಂಗಳ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಕೂಸುಗಳು ದಿನಕ್ಕೊಂದು ಸಲನಾದ್ರೂ ಕಕ್ಕುತ್ವೆ, ಕೂರೋದು ನಿಲ್ಲೋದು ಶುರುವಾದ್ಮೇಲೆ ಕಮ್ಮಿ ಆಗ್ತಾ 12ರಿಂದ 18 ತಿಂಗಳೊಳಗೆ ಬಹಳಷ್ಟಕ್ಕೆ ತಾನಾಗೇ ನಿಲ್ಲುತ್ತೆ. ಕಕ್ಕಿದ್ಮೇಲೂ ಆಡ್ಕೊಂಡು ಐತೆ, ದಿನಕ್ಕೆ 6 ಸಲನಾದ್ರೂ ಉಚ್ಚೆ ಹೊಯ್ಯುತ್ತೆ, ತೂಕ ಏರ್ತಾ ಐತೆ ಅಂದ್ರೆ ನಿಮಗೆ ಬಟ್ಟೆ ಒಗೆಯೋ ಕೆಲಸ ಜಾಸ್ತಿ ಅಷ್ಟೇ, ಕೂಸಿಗೇನೂ ಆಗಿಲ್ಲ. ಕುಡಿದ್ಮೇಲೆ 20-30 ನಿಮಿಷ ಹೆಗಲ ಮೇಲೆ ನೆಟ್ಟಗೆ ಎತ್ಕೊಂಡು ತೇಗಿಸ್ರಿ, ಒಂದೇ ಸಲ ಹೊಟ್ಟೆ ಬಿರಿಯ ಕುಡಿಸೋ ಬದಲು ಸ್ವಲ್ಪ ಸ್ವಲ್ಪ ಕೊಡ್ರಿ. ಮಲಗಿಸೋದು ಮಾತ್ರ ಅಂಗಾತವೇ, ಸಮತಟ್ಟಾದ ಜಾಗದಲ್ಲೇ. ಕಕ್ಕೋ ಕೂಸು ಅಂತ ಬೋರಲು ಹಾಕೋದು, ತಲೆ ಕೆಳಗೆ ದಿಂಬು ಇಡೋದು ಬೇಡ. ಸೀರೆ ಜೋಲಿಯಲ್ಲಿ ಮುದುಡಿಕೊಂಡು ಮಲಗಿದ್ರೆ ಹೊಟ್ಟೆ ಒತ್ತುತ್ತೆ, ಕುಡಿದ ಕೂಡಲೇ ಜೋಲಿಗೆ ಹಾಕೋ ಅಭ್ಯಾಸ ಇದ್ರೆ ಬಿಡೋದು ಒಳ್ಳೇದು.

ತೂಕದ ಲೆಕ್ಕ ಹೀಗೆ. ಹುಟ್ಟಿದ ಮೊದಲ ವಾರ ಸ್ವಲ್ಪ ಇಳಿದು 10-14 ದಿನಕ್ಕೆ ಹುಟ್ಟಿದ ತೂಕಕ್ಕೆ ವಾಪಸ್ ಬರುತ್ತೆ, ಆಮೇಲೆ 3 ತಿಂಗಳ ತನಕ ದಿನಕ್ಕೆ 20-30 ಗ್ರಾಂ ಏರಬೇಕು, 5 ತಿಂಗಳ ಹೊತ್ತಿಗೆ ಹುಟ್ಟಿದ ತೂಕದ ಎರಡರಷ್ಟು. ತಾಯಿ ಕಾರ್ಡಲ್ಲಿ ಗ್ರಾಫ್ ಇರುತ್ತೆ, ಸುಮಾರು ಮನೆಗಳಲ್ಲಿ ಅದು ಬೀರು ಸೇರಿರುತ್ತೆ, ತೆಗೀರಿ. ಅಂಗನವಾಡಿ ತಕ್ಕಡಿಗೂ ಕ್ಲಿನಿಕ್ ತಕ್ಕಡಿಗೂ ವ್ಯತ್ಯಾಸ ಬರೋದ್ರಿಂದ ಯಾವಾಗ್ಲೂ ಒಂದೇ ಕಡೆ, ಬಟ್ಟೆ ಬಿಚ್ಚಿ ತೂಗಿಸ್ರಿ. ಇಲ್ಲಾಂದ್ರೆ ತಕ್ಕಡಿ ವ್ಯತ್ಯಾಸನೇ ಕೂಸಿನ ತೂಕ ಅನ್ಕೊಂಡು ಮನೆಯೆಲ್ಲಾ ಗಾಬರಿ.

ಇನ್ನು ಕಾಯಲೇಬಾರದ್ದು. ವಾಂತಿ ಹಸಿರು ಬಣ್ಣ ಇದ್ರೆ ಬೆಳಗಾಗ್ಲಿ ಅಂತ ಕೂರಬೇಡ್ರಿ, ಕರುಳು ತಿರುಚಿಕೊಂಡಿದ್ರೆ ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಆಗಬೇಕು. ಮೂರ್ನಾಲ್ಕು ವಾರದ ಕೂಸು ಪ್ರತಿ ಸಲ ದೂರಕ್ಕೆ ಚಿಮ್ಮೋ ಹಾಗೆ ವಾಂತಿ ಮಾಡಿ ಮತ್ತೆ ಹಸಿವು ಅಂತ ಅತ್ರೆ ಹೊಟ್ಟೆಯ ಕೆಳಬಾಗಿಲು ದಪ್ಪಗಾಗಿ ಮುಚ್ಕೊಂಡಿರಬಹುದು, ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತೆ, ಸಣ್ಣ ಆಪರೇಷನ್ನಲ್ಲಿ ವಾಸಿಯಾಗುತ್ತೆ, ಡಬ್ಬಿ ಹಾಲು ಎಷ್ಟು ಬದಲಾಯಿಸಿದ್ರೂ ವಾಸಿಯಾಗಲ್ಲ. ಬಿಟ್ಟು ಬಿಟ್ಟು ಕಿರುಚಿ ಅತ್ತು ಲೋಳೆ ಜೊತೆ ಕೆಂಪಗೆ ಮಲ ಹೋದ್ರೆ ಕರುಳೊಳಗೆ ಕರುಳು ಸೇರ್ಕೊಂಡಿರೋ ಅನುಮಾನ. ಹುಟ್ಟಿ 48 ಗಂಟೆ ಆದ್ರೂ ಮೊದಲ ಕಪ್ಪು ಮಲ ಹೋಗಿಲ್ಲ, ಹೊಟ್ಟೆ ಉಬ್ಬಿ ಬಿಗಿ ಆಗೈತೆ, 8 ಗಂಟೆಯಿಂದ ಉಚ್ಚೆ ಇಲ್ಲ, ಎಬ್ಬಿಸಿದ್ರೂ ಎದ್ದು ಕುಡೀತಿಲ್ಲ, 3 ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ, ಇವಕ್ಕೆಲ್ಲಾ 108ಕ್ಕೆ ಫೋನ್ ಮಾಡ್ರಿ. ಮತ್ತೊಂದು, ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ್ದು: ಎರಡು ವಾರ ದಾಟಿದ್ರೂ ಕಾಮಾಲೆ ಹೋಗಿಲ್ಲ, ಮಲ ಸುಣ್ಣದ ಬಣ್ಣಕ್ಕೆ ಬರ್ತಿದೆ ಅಂದ್ರೆ ಪಿತ್ತನಾಳದ ತೊಂದರೆ ಇರಬಹುದು, ಅದರ ಆಪರೇಷನ್ 60 ದಿನದೊಳಗೆ ಆದ್ರೆ ಫಲ ಚೆನ್ನಾಗಿರುತ್ತೆ. ಬಿಸಿಲಿಗೆ ಹಿಡಿದ್ರೆ ಹೋಗುತ್ತೆ ಅಂತ ತಿಂಗಳು ಕಳೆಯೋ ವಿಷಯ ಅಲ್ಲ ಅದು.

ಎದೆ, ಒಳಲೆ, ಬಾಟಲಿ

ಎದೆಗೆ ಹಾಕಿದಾಗ ಸರಿಯಾಗಿ ಎಳೀತಿಲ್ಲ ಅಂದ್ರೆ ಮೊದಲು ನೋಡಬೇಕಾದ್ದು ಹಿಡಿಯೋ ರೀತಿ. ಬರೀ ತೊಟ್ಟು ಬಾಯಲ್ಲಿದ್ರೆ ಹಾಲು ಬರಲ್ಲ, ಸುತ್ತಿನ ಕಪ್ಪು ಭಾಗ ಬಹಳಷ್ಟು ಒಳಗೆ ಹೋಗಬೇಕು. ಇದನ್ನ ಕೂತು ತೋರಿಸಿಕೊಡೋ ಒಬ್ಬ ನರ್ಸಮ್ಮ ಸಿಕ್ಕರೆ ಅರ್ಧ ಔಷಧ ಉಳಿಯುತ್ತೆ. ಒಂದೊಂದು ಸಲ ಕುಡಿಯೋಕೂ 40 ನಿಮಿಷ, ಮುಕ್ಕಾಲು ಗಂಟೆ ಆಗ್ತಿದ್ರೆ ಕುಡಿದ ಶಕ್ತಿ ಕುಡಿಯೋ ಕಷ್ಟಕ್ಕೇ ಖರ್ಚಾಗ್ತಿದೆ ಅಂತ ಲೆಕ್ಕ. ಕುಡಿಯುವಾಗ ಹಣೆ ಬೆವರಿದ್ರೆ, ಏದುಸಿರು ಬಂದ್ರೆ ಹಾರ್ಟ್ ತೋರಿಸ್ರಿ, ಹೊಟ್ಟೆ ಡಾಕ್ಟ್ರ ಕೆಲಸ ಅಲ್ಲ ಅದು.

ಒಳಲೆ, ಅಂದ್ರೆ ಕೂಸಿಗೆ ಹಾಲು ಕುಡಿಸೋ ಮೂತಿ ಇರೋ ಪುಟ್ಟ ಬಟ್ಟಲು, ನಮ್ಮ ಕಡೆ ಎಲ್ಲಾ ಅಜ್ಜಿಯರ ಹತ್ರನೂ ಇರುತ್ತೆ, ಬೆಳ್ಳಿದೋ ಸ್ಟೀಲಿಂದೋ. ಆಸ್ಪತ್ರೆಯ ಎನ್‌ಐಸಿಯುನಲ್ಲಿ (ಎಳೆ ಕೂಸುಗಳ ತೀವ್ರ ನಿಗಾ ಘಟಕ) ಪಲಾಡೈ ಅಂತ ಕೊಡೋದೂ ಇದೇ ಸಾಮಾನು. ದಿನ ತುಂಬದೇ ಹುಟ್ಟಿದ ಕೂಸು, ಸೀಳು ಅಂಗಳ ಇರೋ ಕೂಸು, ಎಳೆಯೋ ಶಕ್ತಿ ಇಲ್ಲದ ಕೂಸಿಗೆ ಇದು ಬಾಟಲಿಗಿಂತ ಎಷ್ಟೋ ವಾಸಿ, ತೊಳೆಯೋದು ಸುಲಭ, ಕುದಿಸೋದು ಸುಲಭ. ಆದ್ರೆ ಒಳಲೆ ಸರಿ, ಹಳೇ ಕಾಲದ ಒಳಲೆ ಹಾಕೋ ರೀತಿ ಸರಿಯಲ್ಲ. ಕಾಲ ಮೇಲೆ ಅಂಗಾತ ಹಾಕ್ಕೊಂಡು, ಅಳ್ತಿರೋ ಬಾಯಿಗೆ ಸುರಿದು, ಮೂಗು ಹಿಡಿದು ನುಂಗಿಸೋದು ಐತಲ್ಲ, ಅದರಲ್ಲಿ ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತೆ. ಕೂಸನ್ನ ಅರ್ಧ ಕೂರಿಸಿದ ಹಾಗೆ ತೋಳಲ್ಲಿ ಇಟ್ಕೊಂಡು, ತುಟಿ ಮೂಲೆಗೆ ಒಳಲೆ ತುದಿ ತಾಕಿಸಿ, ಒಂದೊಂದೇ ಗುಟುಕು, ನುಂಗಿದ್ಮೇಲೆ ಇನ್ನೊಂದು. ಅಜ್ಜಿ ಜೊತೆ ಜಗಳ ಆಡಬೇಡ್ರಿ, ನರ್ಸ್ ಎದುರಿಗೆ ಒಂದ್ಸಲ ಅಜ್ಜಿ ಕೈಲೇ ಹಾಕಿಸಿ ಕಲಿಸ್ರಿ, ಆಮೇಲೆ ಅವರಷ್ಟು ತಾಳ್ಮೆಯಿಂದ ಕುಡಿಸೋರು ಮನೇಲಿ ಬೇರೆ ಯಾರೂ ಇರಲ್ಲ.

ಬಾಟಲಿ ಅನುಕೂಲ ನಿಜ, ಆದ್ರೆ ನಿಪ್ಪಲ್ ತೂತು ದೊಡ್ಡದಿದ್ರೆ ಉಸಿರು ಕಟ್ಟುತ್ತೆ, ಸಣ್ಣದಿದ್ರೆ ಗಾಳಿ ನುಂಗುತ್ತೆ, ಬುಡದಲ್ಲಿ ಹಾಲಿನ ಜಿಡ್ಡು ನಿಂತ್ರೆ ಬೇಧಿ. ಸೀಳು ಅಂಗಳದ ಕೂಸಿಗೆ ಮಾಮೂಲಿ ಬಾಟಲಿ ಕೆಲಸಕ್ಕೆ ಬರಲ್ಲ, ಬಾಯೊಳಗೆ ಎಳೆತವೇ ಹುಟ್ಟಲ್ಲ, ಅದಕ್ಕೆ ಹಿಚುಕಿ ಕುಡಿಸೋ ಮೆತ್ತನೆ ಬಾಟಲಿ ಬೇರೆ ಬರುತ್ತೆ. ಒಳಲೆಯಲ್ಲೇ ನಡೀತಿದ್ರೆ ಅದನ್ನೂ ತರೋ ಅಗತ್ಯ ಇಲ್ಲ.

ಯಾವ ಹಾಲು

ಜನ ಅತಿ ಜಾಸ್ತಿ ದುಡ್ಡು ಕಳೆಯೋದು, ಅತಿ ಜಾಸ್ತಿ ಗೊಂದಲ ಆಗೋದು ಎರಡೂ ಇಲ್ಲೇ.

ಮೊದಲು ಎರಡು ತೊಂದರೆ ಬೇರೆ ಬೇರೆ ಅಂತ ತಿಳ್ಕೊಳ್ರಿ. ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಒಂದು, ಲ್ಯಾಕ್ಟೋಸ್ ಅರಗದೇ ಇರೋದು ಇನ್ನೊಂದು. ಲ್ಯಾಕ್ಟೋಸ್ ಅಂದ್ರೆ ಹಾಲಿನ ಸಕ್ಕರೆ, ಎದೆಹಾಲಲ್ಲೂ 100 ಮಿಲಿಗೆ 7 ಗ್ರಾಂನಷ್ಟು ಇದ್ದೇ ಇರುತ್ತೆ, ತಾಯಿ ಹಾಲು ಮೊಸರು ಬಿಟ್ರೂ ಅದು ಕಮ್ಮಿ ಆಗಲ್ಲ. ಹುಟ್ಟಿನಿಂದಲೇ ಲ್ಯಾಕ್ಟೋಸ್ ಆಗದ ಕೂಸು ತೀರಾ ತೀರಾ ಅಪರೂಪ. ನಾವು ನೋಡೋದು ಬೇಧಿ ಆದ್ಮೇಲೆ ಬರೋದು: ಕರುಳಿನ ಒಳಪದರ ಸುಲಿದು ಕೆಲವು ವಾರ ಹಾಲಿನ ಸಕ್ಕರೆ ಅರಗಲ್ಲ, ನೊರೆ ನೊರೆಯಾಗಿ ಹುಳಿ ವಾಸನೆಯ ಮಲ, ಕುಂಡಿ ಕೆಂಪಗಾಗಿ ಉರಿ. ಅದು ತಾನಾಗೇ ಸರಿ ಹೋಗುತ್ತೆ, ಎದೆಹಾಲು ನಿಲ್ಲಿಸಬೇಕಾಗಿಲ್ಲ. ಅಲರ್ಜಿ ಹಾಗಲ್ಲ. ಮಲದಲ್ಲಿ ರಕ್ತದ ಗೆರೆ, ಲೋಳೆ, ಮೈ ಮೇಲೆ ಗಂಧೆ ಇಲ್ಲಾ ಇಸುಬು, ಬಿಡದ ವಾಂತಿ, ತೂಕ ನಿಂತು ಹೋಗೋದು. ಅಲರ್ಜಿ ಕೂಸಿಗೆ ಲ್ಯಾಕ್ಟೋಸ್ ಫ್ರೀ ಡಬ್ಬಿ ತಂದ್ರೆ ಏನೂ ಉಪಯೋಗ ಇಲ್ಲ, ಸಕ್ಕರೆ ತೆಗೆದಿರ್ತಾರೆ, ಹಸುವಿನ ಪ್ರೋಟೀನ್ ಹಾಗೇ ಇರುತ್ತೆ. ನಮ್ಮ ಊರಲ್ಲಿ ಅತಿ ಹೆಚ್ಚು ನಡೆಯೋ ತಪ್ಪು ಖರೀದಿ ಇದು ಅಂತ ನನ್ನ ಅಂದಾಜು.

ಅಲರ್ಜಿ ಅನುಮಾನ ಇದ್ದು ಕೂಸು ಎದೆಹಾಲು ಕುಡೀತಿದ್ರೆ ಮೊದಲ ದಾರಿ ತಾಯಿ ಪಥ್ಯ. 2ರಿಂದ 4 ವಾರ ತಾಯಿ ಹಾಲು, ಮೊಸರು, ಮಜ್ಜಿಗೆ, ತುಪ್ಪ, ಬೆಣ್ಣೆ, ಪನ್ನೀರು, ಪೇಡಾ ಪೂರ್ತಿ ಬಿಡಬೇಕು. ದಾವಣಗೆರೆಯಲ್ಲಿ ಇದು ಎಷ್ಟು ಕಷ್ಟ ಅಂತ ಹೇಳಬೇಕಾಗಿಲ್ಲ, ಬೆಣ್ಣೆ ದೋಸೆ ಊರಲ್ಲಿ ಇದ್ಕೊಂಡು ಬೆಣ್ಣೆ ಬಿಡೋದು ಅಂದ್ರೆ! ಮನೇಲಿ ಇನ್ನೊಂದು ರಗಳೆ, ಬಾಣಂತಿಗೆ ತುಪ್ಪ ಹಾಕದೇ ಅನ್ನ ಬಡಿಸೋಕೆ ಯಾವ ತಾಯಿಗೂ ಮನಸು ಬರಲ್ಲ, ಗೊತ್ತಾಗದ ಹಾಗೆ ಒಂದು ಚಮಚ ಹಾಕೇ ಬಿಡ್ತಾರೆ, ಅಲ್ಲಿಗೆ ಪರೀಕ್ಷೆ ಕೆಡ್ತು. ಬಿಸ್ಕತ್ತು, ಬ್ರೆಡ್, ಬನ್ನಲ್ಲೂ ಹಾಲಿನ ಪುಡಿ ಇರುತ್ತೆ, ಪ್ಯಾಕೆಟ್ ಹಿಂದೆ ಮಿಲ್ಕ್ ಸಾಲಿಡ್ಸ್, ವೇ, ಕೇಸಿನ್ ಅಂತ ಇದ್ರೆ ಬೇಡ. ತಿನ್ನಬಹುದಾದ್ದೂ ಬೇಕಾದಷ್ಟು ಐತೆ: ರಾಗಿ ಮುದ್ದೆ, ಜೋಳದ ರೊಟ್ಟಿ, ಸೊಪ್ಪಿನ ಸಾರು, ಎಳ್ಳು ಚಟ್ನಿ, ಬೇಳೆ, ಮಂಡಕ್ಕಿ ಒಗ್ಗರಣೆ. ಸುಣ್ಣದಂಶಕ್ಕೆ ರಾಗಿ ಒಳ್ಳೇದೇ, 100 ಗ್ರಾಂನಲ್ಲಿ 300 ಮಿಲಿಗ್ರಾಂ ಮೇಲೇನೇ ಇರುತ್ತೆ, ಆದ್ರೂ ಕ್ಯಾಲ್ಸಿಯಂ ಮತ್ತೆ ವಿಟಮಿನ್ ಡಿ ಮಾತ್ರೆ ಡಾಕ್ಟ್ರನ್ನ ಕೇಳಿ ಬರೆಸ್ಕೊಳ್ರಿ. 4 ವಾರ ಆದ್ರೂ ಏನೂ ಫರಕ್ ಇಲ್ಲಾಂದ್ರೆ ಪಥ್ಯ ಬಿಟ್ಟುಬಿಡ್ರಿ, ಸುಮ್ನೆ ಬಾಣಂತಿ ಸೊರಗೋದು ಬೇಡ. ಫರಕ್ ಬಂದ್ರೂ ಡಾಕ್ಟ್ರು ಹೇಳಿದ ದಿನ ಮತ್ತೆ ಹಾಲು ತಗೊಂಡು ನೋಡಬೇಕು, ಅದೇ ತೊಂದರೆ ವಾಪಸ್ ಬಂದ್ರೇನೇ ಅಲರ್ಜಿ ಅಂತ ಖಚಿತ. ಈ ಎರಡನೇ ಹೆಜ್ಜೆ ಯಾರಿಗೂ ಇಷ್ಟ ಆಗಲ್ಲ, ಸುಮ್ಮನಿರೋ ಕೂಸನ್ನ ಯಾಕೆ ಕೆಣಕ್ತೀರಿ ಅಂತಾರೆ. ಆದ್ರೆ ಇದನ್ನ ಮಾಡದೇ ಎರಡು ವರ್ಷ ಸುಮ್ಸುಮ್ನೆ ಹಾಲು ಬಿಟ್ಟ ಮನೆಗಳೂ ಇದಾವೆ.

ಎದೆಹಾಲು ಇಲ್ಲ, ಸಾಲ್ತಿಲ್ಲ ಅಂದಾಗ ಡಬ್ಬಿಗಳ ಹೋಲಿಕೆ. ಸೋಯಾ ಪೌಡರ್ ಅಗ್ಗ, ದಾವಣಗೆರೆ ಚಿತ್ರದುರ್ಗ ಎರಡೂ ಕಡೆ ಸುಲಭಕ್ಕೆ ಸಿಗುತ್ತೆ, ಆದ್ರೆ 6 ತಿಂಗಳೊಳಗೆ ಅದು ಮೊದಲ ಆಯ್ಕೆ ಅಲ್ಲ, ಮತ್ತೆ ಹಾಲಿನ ಅಲರ್ಜಿ ಇರೋ ಕೆಲವು ಕೂಸುಗಳಿಗೆ ಸೋಯಾನೂ ಆಗಿ ಬರಲ್ಲ. 6 ತಿಂಗಳಾದ್ಮೇಲೆ ಆಗಿ ಬಂದ್ರೆ ಜೇಬಿಗೂ ಹಗುರ, ನಾನಂತೂ ಬೇಡ ಅನ್ನಲ್ಲ. ಎರಡನೇದು ಪ್ರೋಟೀನನ್ನ ಸಣ್ಣ ಸಣ್ಣ ತುಂಡು ಮಾಡಿರೋ ಹೈಡ್ರೊಲೈಸ್ಡ್ ಪೌಡರ್, ಅಲರ್ಜಿ ಇರೋ ಹತ್ತರಲ್ಲಿ ಒಂಬತ್ತು ಕೂಸುಗಳಿಗೆ ಇದು ಸಾಕು. ಡಬ್ಬಿ ಮೇಲೆ ಪಾರ್ಶಿಯಲಿ ಅಂತ ಇದ್ರೆ ಅದಲ್ಲ, ಎಕ್ಸ್‌ಟೆನ್ಸಿವ್‌ಲಿ ಅಂತ ಇರಬೇಕು, ಅಂಗಡಿಯೋರು ಎರಡೂ ಒಂದೇ ಅಂತ ಕೊಡ್ತಾರೆ, ಓದಿ ತಗೊಳ್ರಿ. ವಾಸನೆ ಕಹಿ ಕಹಿ, ಮೊದಲೆರಡು ದಿನ ಮುಖ ತಿರುಗಿಸುತ್ತೆ, ಎಳೇದಿದ್ದಷ್ಟೂ ಬೇಗ ಒಗ್ಗುತ್ತೆ. ಮೂರನೇದು ಅಮೈನೋ ಆಸಿಡ್ ಪೌಡರ್, ಪ್ರೋಟೀನ್ ಪೂರ್ತಿ ಬಿಡಿಬಿಡಿ ಮಾಡಿರೋದು. ಹೈಡ್ರೊಲೈಸ್ಡ್‌ಗೂ ಕೇಳದೇ ಹೋದಾಗ, ಇಲ್ಲಾ ತೂಕ ಪೂರ್ತಿ ಕುಸಿದಾಗ, ಮೈ ಊದಿ ಉಸಿರು ಕಟ್ಟೋ ಅಷ್ಟು ತೀವ್ರ ಅಲರ್ಜಿ ಇದ್ದಾಗ ಇದು. ಮಾಮೂಲಿ ಡಬ್ಬಿಗಿಂತ ಎಷ್ಟೋ ಪಟ್ಟು ರೇಟು. ಲೆಕ್ಕ ಹಾಕಿ ನೋಡ್ರಿ, 5 ಕಿಲೋ ಕೂಸಿಗೆ ದಿನಕ್ಕೆ ಸುಮಾರು 750 ಮಿಲಿ ಬೇಕು, ಅದಕ್ಕೆ 100 ಗ್ರಾಂ ಹತ್ತಿರ ಪೌಡರ್, ಅಂದ್ರೆ 400 ಗ್ರಾಂ ಡಬ್ಬಿ 4 ದಿನ, ತಿಂಗಳಿಗೆ ಏಳೆಂಟು ಡಬ್ಬಿ. ಶುರು ಮಾಡೋಕೆ ಮುಂಚೆನೇ ಇದನ್ನ ಗಂಡ ಹೆಂಡ್ತಿ ಕೂತು ಮಾತಾಡ್ಕೊಳ್ರಿ. ಯಾಕಂದ್ರೆ ಅರ್ಧಕ್ಕೆ ಕೈ ಸೋತು ನೀರು ಜಾಸ್ತಿ ಹಾಕಿ ತೆಳ್ಳಗೆ ಕುಡಿಸೋದು ಶುರುವಾಗುತ್ತೆ, ಕೂಸಿನ ಹೊಟ್ಟೆ ತುಂಬುತ್ತೆ ತೂಕ ಬೀಳುತ್ತೆ. ಹಂಗಾಗೋ ಹಾಗಿದ್ರೆ ನಾಚಿಕೆ ಬಿಟ್ಟು ಡಾಕ್ಟ್ರಿಗೆ ಹೇಳ್ರಿ, ಕಡಿಮೆ ಖರ್ಚಿನ ದಾರಿ ಹುಡುಕೋದು ಅವರ ಕೆಲಸನೂ ಹೌದು. ಬಹಳಷ್ಟು ಕೂಸುಗಳಿಗೆ ಈ ಅಲರ್ಜಿ 3ರಿಂದ 5 ವರ್ಷದೊಳಗೆ ಬಿಟ್ಟು ಹೋಗುತ್ತೆ, ಜೀವನಪೂರ್ತಿ ಖರ್ಚಲ್ಲ.

ಎಮ್ಮೆ ಹಾಲು, ಆಡಿನ ಹಾಲು ಕೊಟ್ರೆ ಆಗಲ್ವಾ ಅಂತ ಎಲ್ರೂ ಕೇಳ್ತಾರೆ. ಆಗಲ್ಲ. ಪ್ರೋಟೀನ್ ಹಸುವಿಂದಕ್ಕೆ ಅಷ್ಟು ಹತ್ತಿರ ಇರೋದ್ರಿಂದ ಒಂದು ಆಗದ ಕೂಸಿಗೆ ಬಹುತೇಕ ಇನ್ನೊಂದೂ ಆಗಲ್ಲ. ಅಲರ್ಜಿ ಇಲ್ಲದ ಕೂಸಿಗೂ ವರ್ಷ ತುಂಬೋ ತನಕ ಹಸುವಿನ ಹಾಲೇ ಮುಖ್ಯ ಆಹಾರ ಆಗಬಾರದು, ರಕ್ತ ಕಮ್ಮಿ ಆಗುತ್ತೆ, ನೀರು ಬೆರೆಸಿದ್ರೆ ಇನ್ನೂ ಕಷ್ಟ. ಓಣಿಯಲ್ಲಿ ಕತ್ತೆ ಹೊಡ್ಕೊಂಡು ಬಂದು ಕತ್ತೆ ಹಾಲೂ ಅಂತ ಕೂಗೋರು ಇದಾರಲ್ಲ, ಒಂದು ಸಣ್ಣ ಲೋಟಕ್ಕೆ ಸಿಕ್ಕಾಪಟ್ಟೆ ದುಡ್ಡು, ಕಾಯಿಸದೇ ಹಸಿಯಾಗಿ ಕುಡಿಸಬೇಕಂತೆ ಬೇರೆ. ಕೊಬ್ಬು ತೀರಾ ಕಮ್ಮಿ ಇರೋ ಹಸಿ ಹಾಲನ್ನ ಮೊದಲೇ ಸೊರಗಿದ ಕೂಸಿಗೆ ಕುಡಿಸೋದು ನನಗಂತೂ ಒಪ್ಪಿಗೆ ಇಲ್ಲ.

ನೀರಿನ ವಿಷಯ ಬಿಟ್ರೆ ಈ ಭಾಗ ಪೂರ್ತಿ ಆಗಲ್ಲ. ಚಿತ್ರದುರ್ಗ ಜಿಲ್ಲೆ, ಈ ಕಡೆ ಜಗಳೂರು ಸುತ್ತಮುತ್ತ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಕಾಯಿಸಿದ್ರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ, ನೀರು ಇಂಗಿದಷ್ಟೂ ಇನ್ನೂ ಗಟ್ಟಿಯಾಗುತ್ತೆ. ಪೌಡರ್ ಕಲಸೋಕೆ ಶುದ್ಧ ನೀರಿನ ಘಟಕದ ನೀರು ತಂದು, ಅದನ್ನೂ ಕುದಿಸಿ ಬಳಸ್ರಿ. ಮೊದಲು ನೀರು ಅಳೀಬೇಕು ಆಮೇಲೆ ಪೌಡರ್, ಎಷ್ಟು ನೀರಿಗೆ ಎಷ್ಟು ಸ್ಕೂಪ್ ಅನ್ನೋದು ಆಯಾ ಡಬ್ಬಿ ಮೇಲೆ ಇರೋ ಹಾಗೇ, ಒಂದರ ಸ್ಕೂಪ್ ಇನ್ನೊಂದಕ್ಕೆ ಹಾಕಬೇಡ್ರಿ. ಕಲಸಿದ್ದನ್ನ 2 ಗಂಟೆ ಮೇಲೆ ಹೊರಗಿಡಬಾರದು, ಏಪ್ರಿಲ್ ಮೇ ಬಿಸಿಲಲ್ಲಿ ಅಷ್ಟು ಹೊತ್ತೂ ಬೇಡ. ಕೂಸು ಬಾಯಿ ಹಾಕಿ ಉಳಿಸಿದ್ದನ್ನ ಚೆಲ್ಲಿ, ಎಷ್ಟೇ ಹೊಟ್ಟೆ ಉರಿದ್ರೂ.

ಔಷಧಿನಾ, ಅಜ್ಜಿ ಮದ್ದಾ, ಏನೂ ಬೇಡ್ವಾ

ಬೇಗ ಹೇಳ್ತೀನಿ. ಗ್ರೈಪ್ ವಾಟರ್‌ನಿಂದ ಏನೋ ಆಗುತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ, ಸಿಹಿ ನಾಲಿಗೆಗೆ ತಾಕಿ ಕೂಸು ಎರಡು ನಿಮಿಷ ಸುಮ್ಮನಾಗುತ್ತೆ. ಬಜೆ ಜೇನುತುಪ್ಪದಲ್ಲಿ ತೇದು ನೆಕ್ಕಿಸೋದು ವರ್ಷದೊಳಗೆ ಬೇಡವೇ ಬೇಡ, ಜೇನಿನಿಂದ ಬೊಟುಲಿಸಂ ಅನ್ನೋ ನರಗಳ ಕಾಯಿಲೆ ಬರೋ ಅಪಾಯ ಐತೆ. ಹರಳೆಣ್ಣೆ ಕುಡಿಸೋದು ಇನ್ನೂ ಕೆಟ್ಟದ್ದು, ಕಕ್ಕೋ ಕೂಸಿಗೆ ಎಣ್ಣೆ ಉಸಿರಿನ ಕೊಳವೆಗೆ ಹೋದ್ರೆ ಶ್ವಾಸಕೋಶ ಹಾಳು. ಅಜ್ಜಿಗೆ ಏನಾದ್ರೂ ಮಾಡಲೇಬೇಕು ಅನ್ಸಿದ್ರೆ ಮೈಗೆ ಎಣ್ಣೆ ಹಚ್ಚಿ ತಿಕ್ಕಲಿ, ದೃಷ್ಟಿ ತೆಗೀಲಿ, ಅದರಿಂದ ಯಾರಿಗೂ ತೊಂದರೆ ಇಲ್ಲ.

ವಾಂತಿ ನಿಲ್ಲಿಸೋ ಡ್ರಾಪ್ಸ್‌ಗಳನ್ನ, ಡೊಂಪೆರಿಡೋನ್ ಥರದ್ದು, ನಮ್ಮಲ್ಲಿ ನೀರಿನ ಹಾಗೆ ಬರೀತಾರೆ, ಆದ್ರೆ ಹೃದಯದ ಬಡಿತ ಏರುಪೇರು ಮಾಡೋ ಅಪಾಯ ಇರೋದ್ರಿಂದ ಎಲ್ಲಾ ಕೂಸಿಗೂ ಕೊಡೋ ಔಷಧ ಅಲ್ಲ. ಆಸಿಡ್ ಕಮ್ಮಿ ಮಾಡೋ ಔಷಧಿ ಅನ್ನನಾಳ ನಿಜವಾಗಿ ಸುಟ್ಟಿದ್ರೆ ಉಪಯೋಗ, ಬರೀ ಅಳು ನಿಲ್ಲಿಸೋಕೆ ಉಪಯೋಗಕ್ಕೆ ಬರಲ್ಲ. ಈಗಿನ ಮಕ್ಕಳ ಹೊಟ್ಟೆ ಡಾಕ್ಟ್ರುಗಳು ಮೊದಲು 2-4 ವಾರ ಹಾಲಿನ ಪ್ರೋಟೀನ್ ಬಿಡಿಸಿ ನೋಡಿ, ಆಮೇಲೆ ಆಸಿಡ್ ಔಷಧಿ ಯೋಚನೆ ಮಾಡ್ತಾರೆ. ಯಾವ ಡ್ರಾಪ್ಸ್ ಕೊಟ್ರೂ ಎಷ್ಟು ದಿನಕ್ಕೆ ನಿಲ್ಲಿಸಬೇಕು ಅಂತ ಅವತ್ತೇ ಕೇಳ್ರಿ. ಹಾಲಿಗೆ ಅಕ್ಕಿ ಸರಿ ಹಾಕಿ ಗಟ್ಟಿ ಮಾಡೋದು ಎದೆಹಾಲಲ್ಲಿ ನಡೆಯಲ್ಲ, ಅದರಲ್ಲಿರೋ ಕಿಣ್ವ ಗಂಜಿನ ಕರಗಿಸಿ ಮತ್ತೆ ತೆಳ್ಳಗೆ ಮಾಡಿಬಿಡುತ್ತೆ.

ಮೂಗಿನ ಟ್ಯೂಬಾ, ಹೊಟ್ಟೆ ಟ್ಯೂಬಾ

ನುಂಗೋಕೆ ಬಾರದ, ನುಂಗಿದ್ದು ಶ್ವಾಸಕೋಶಕ್ಕೆ ಹೋಗೋ, ಹೃದಯ ಇಲ್ಲಾ ನರದ ತೊಂದರೆಯಿಂದ ಬಾಯಲ್ಲಿ ಸಾಕಷ್ಟು ಕುಡಿಯೋಕೇ ಆಗದ ಕೂಸಿಗೆ ಟ್ಯೂಬ್ ಅಂತಾರೆ ಡಾಕ್ಟ್ರು, ಮನೆಯವರು ಇನ್ನು ಮುಗೀತು ಅನ್ಕೊಂಡು ಅಳ್ತಾರೆ. ಟ್ಯೂಬ್ ಹಾಕಿದ ಎಷ್ಟೋ ಕೂಸುಗಳು ಮುಂದೆ ಬಾಯಲ್ಲೇ ಊಟ ಮಾಡ್ತವೆ. ನನ್ನ ಅಭಿಪ್ರಾಯ ಕೇಳಿದ್ರೆ, ದಿನಕ್ಕೆ ಎಂಟು ಸಲ ಬಲವಂತವಾಗಿ ಬಾಯಿಗೆ ಸುರಿದು ಕೂಸಿಗೂ ತಾಯಿಗೂ ಊಟ ಅಂದ್ರೇನೇ ಭಯ ಹುಟ್ಟಿಸೋದಕ್ಕಿಂತ ಟ್ಯೂಬ್ ಎಷ್ಟೋ ಮೇಲು.

ಮೂಗಿನ ಟ್ಯೂಬಿಗೆ ಆಪರೇಷನ್ ಬೇಡ, ವಾರ್ಡಲ್ಲೇ ಹಾಕ್ತಾರೆ, ಬೇಡಾದಾಗ ತೆಗೀಬಹುದು. 4-6 ವಾರದ ಮಟ್ಟಿಗೆ ಅಂದ್ರೆ ಇದೇ ಸರಿ. ತೊಂದರೆಗಳೂ ಇದಾವೆ, ಕೂಸು ಕೈ ಹಾಕಿ ಕಿತ್ತುಕೊಳ್ಳುತ್ತೆ, ಕೈಗೆ ಸಾಕ್ಸ್ ಹಾಕಿದ್ರೂ ಕಿತ್ತುಕೊಳ್ಳುತ್ತೆ, ಪ್ಲಾಸ್ಟರ್ ಅಂಟಿಸಿ ಕೆನ್ನೆ ಚರ್ಮ ಸುಲಿಯುತ್ತೆ, ಟ್ಯೂಬ್ ಇದ್ದಷ್ಟು ದಿನ ಅನ್ನನಾಳದ ಬಾಗಿಲು ಪೂರ್ತಿ ಮುಚ್ಚದೇ ಕಕ್ಕೋದು ಜಾಸ್ತಿ ಆಗಬಹುದು. ದೊಡ್ಡ ಭಯ ಅಂದ್ರೆ ತುದಿ ಜಾರಿ ಉಸಿರಿನ ಕೊಳವೆ ಕಡೆ ಹೋಗೋದು. ಅದಕ್ಕೆ ಪ್ರತಿ ಸಲ ಹಾಲು ಹಾಕೋಕೆ ಮುಂಚೆ ಮೂಗಿನ ಹತ್ರ ಟ್ಯೂಬ್ ಮೇಲಿರೋ ಗುರುತು ಅಲ್ಲೇ ಐತಾ ನೋಡ್ರಿ, ಸಿರಿಂಜಲ್ಲಿ ಸ್ವಲ್ಪ ಎಳೆದು ಹುಳಿ ಎಷ್ಟು ಅಂತ ತೋರಿಸೋ ಪಿಎಚ್ ಪಟ್ಟಿಗೆ ಹಾಕಿದ್ರೆ 5.5 ಇಲ್ಲಾ ಅದಕ್ಕಿಂತ ಕಮ್ಮಿ ತೋರಿಸಬೇಕು. ಗಾಳಿ ಊದಿ ಸ್ಟೆತಾಸ್ಕೋಪಲ್ಲಿ ಗುಳುಗುಳು ಸದ್ದು ಕೇಳೋ ಹಳೇ ಪದ್ಧತಿ ನಂಬೋ ಹಾಗಿಲ್ಲ, ತುದಿ ತಪ್ಪು ಜಾಗದಲ್ಲಿದ್ರೂ ಸದ್ದು ಬರುತ್ತೆ. ಹಾಕುವಾಗ ಕೆಮ್ಮಿದ್ರೆ, ತುಟಿ ನೀಲಿ ಆದ್ರೆ ತಕ್ಷಣ ನಿಲ್ಲಿಸ್ರಿ.

ಹೊಟ್ಟೆ ಟ್ಯೂಬ್, ಪೆಗ್ ಅಂತಾರಲ್ಲ, ಅದಕ್ಕೆ ಅನಸ್ತೇಶಿಯಾ ಬೇಕು, ಹೊಟ್ಟೆ ಮೇಲೆ ಸಣ್ಣ ತೂತು ಮಾಡಿ ನೇರ ಜಠರಕ್ಕೆ ಕೂರಿಸ್ತಾರೆ. ಕೇಳೋಕೇ ಎದೆ ಝಲ್ ಅನ್ನುತ್ತೆ, ಆದ್ರೆ ಎರಡು ಮೂರು ತಿಂಗಳಿಗಿಂತ ಜಾಸ್ತಿ ಬೇಕಾಗೋ ಹಾಗಿದ್ರೆ ದಿನನಿತ್ಯಕ್ಕೆ ಇದೇ ಸಲೀಸು. ಮುಖ ಖಾಲಿ, ಅಂಗಿ ಹಾಕಿದ್ರೆ ಕಾಣಲ್ಲ, ಜಾತ್ರೆ ಮದುವೆಗೆ ಹೋದ್ರೆ ಹತ್ತು ಜನ ಬಂದು ಕೂಸಿಗೆ ಏನಾಗೈತಮ್ಮಾ ಅಂತ ಕೇಳಲ್ಲ, ಇದು ಸಣ್ಣ ವಿಷಯ ಅನ್ಸಬಹುದು ಆದ್ರೆ ತಾಯಿ ಮನೆಯಿಂದ ಹೊರಗೆ ಬರ್ತಾಳಾ ಇಲ್ವಾ ಅನ್ನೋದು ಇದರ ಮೇಲೇ ನಿಂತಿರುತ್ತೆ. ಇಲ್ಲೂ ಕೆಲಸ ತಪ್ಪಲ್ಲ, ಸುತ್ತ ದಿನಾ ತೊಳೆದು ಒಣಗಿಸಿ ಇಡಬೇಕು, ಕೆಂಪು ಮಾಂಸ ಬೆಳೀಬಹುದು, ಹಾಲು ಸೋರಬಹುದು. ಕಿತ್ತು ಬಂದ್ರೆ ತೂತು ಕೆಲವೇ ಗಂಟೆಯಲ್ಲಿ ಮುಚ್ಚೋಕೆ ಶುರು ಮಾಡುತ್ತೆ, ಬಟ್ಟೆ ಮುಚ್ಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು, ಮೊದಲ ಕೆಲವು ವಾರಗಳಲ್ಲಂತೂ ಮನೇಲಿ ನೀವೇ ತುರುಕೋಕೆ ಹೋಗಬೇಡ್ರಿ. ಹಾಗಾಗಿ ಚಳ್ಳಕೆರೆ ಆಚೆಯ ಹಳ್ಳಿಯಲ್ಲಿ ಇದ್ದು ಗಾಡಿ ಇಲ್ಲಾಂದ್ರೆ ಈ ಒಂದು ವಿಷಯಕ್ಕೆ ಮೊದಲೇ ಏರ್ಪಾಡು ಮಾಡ್ಕೊಂಡಿರ್ರಿ.

ಹಾಲು ಹಾಕೋ ರೀತಿನೂ ಎರಡು. ಸಿರಿಂಜಿನ ದಂಡ ತೆಗೆದು ಬರೀ ಕೊಳವೆ ಎತ್ತಿ ಹಿಡಿದು ತಾನಾಗೇ ಇಳಿಯೋಕೆ ಬಿಡೋದು ಒಂದು, 20-30 ನಿಮಿಷ ಹಿಡಿಯುತ್ತೆ, ಖರ್ಚಿಲ್ಲ. ಅವಸರಕ್ಕೆ ದಂಡ ಹಾಕಿ ಒತ್ತಿದ್ರೆ ಅಷ್ಟೂ ವಾಂತಿ. ಇನ್ನೊಂದು ಪಂಪ್, ರಾತ್ರಿಯೆಲ್ಲಾ ಹನಿ ಹನಿಯಾಗಿ ಇಳಿಸುತ್ತೆ, ಒಂದೇ ಸಲಕ್ಕೆ ಹಾಲು ತಡೆಯದ ಕೂಸಿಗೆ ವರ. ಆದ್ರೆ ಕರೆಂಟು ಹೋಗುತ್ತೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಕೇಳದೇ ತರಬೇಡ್ರಿ, ಬೇಸಿಗೆಯಲ್ಲಿ ಪಂಪಿನ ಚೀಲದಲ್ಲಿ ಹಾಲು ಕೆಡದ ಹಾಗೆ ಸ್ವಲ್ಪ ಸ್ವಲ್ಪನೇ ತುಂಬಬೇಕು. ಯಾವ ಟ್ಯೂಬ್ ಆದ್ರೂ ಹಿಂಡಿದ ಎದೆಹಾಲು ಹಾಕಬಹುದು, ಎದೆಹಾಲು ನಿಲ್ಲಿಸಬೇಕಾಗಿಲ್ಲ. ಹಾಲು ಇಳಿಯುವಾಗ ಕೂಸಿಗೆ ಚೀಪೋಕೆ ತೊಳೆದ ಬೆರಳೋ ಹಿಂಡಿ ಖಾಲಿ ಮಾಡಿದ ಮೊಲೆಯೋ ಕೊಟ್ರೆ ಬಾಯಿಗೂ ಹೊಟ್ಟೆ ತುಂಬೋದಕ್ಕೂ ಇರೋ ನಂಟು ಉಳಿಯುತ್ತೆ, ಮುಂದೆ ಟ್ಯೂಬ್ ಬಿಡಿಸೋವಾಗ ಅರ್ಧ ದಾರಿ ಸವೆದಿರುತ್ತೆ. ನುಂಗೋ ತೊಂದರೆ ಇದ್ರೆ ಎಷ್ಟರ ಮಟ್ಟಿಗೆ ಸರಿ ಅಂತ ಸ್ಪೀಚ್ ಥೆರಪಿಸ್ಟ್ ಕೇಳ್ರಿ, ಮಾತು ಕಲಿಸೋರಿಗೂ ಊಟಕ್ಕೂ ಏನು ಸಂಬಂಧ ಅನ್ಬೇಡ್ರಿ, ನುಂಗೋದು ಕಲಿಸೋದೂ ಅವರೇ.

ಇಲ್ಲೇನಾ, ಬೆಂಗಳೂರಾ

ಮಾಮೂಲಿ ಪರೀಕ್ಷೆ, ತೂಕದ ಫಾಲೋಅಪ್, ಪಥ್ಯ, ಮೂಗಿನ ಟ್ಯೂಬ್ ಇವಕ್ಕೆಲ್ಲಾ ಊರು ಬಿಡಬೇಕಾಗಿಲ್ಲ. ದಾವಣಗೆರೆಯಲ್ಲಿ 1965ರಿಂದ ಜೆಜೆಎಂ ಮೆಡಿಕಲ್ ಕಾಲೇಜು ಐತೆ, ಬಾಪೂಜಿ ಮಕ್ಕಳ ಆಸ್ಪತ್ರೆ ಐತೆ, ಎಸ್‌ಎಸ್ ಮೆಡಿಕಲ್ ಕಾಲೇಜು, ಸರ್ಕಾರಿ ಚಿಗಟೇರಿ ಆಸ್ಪತ್ರೆ ಐತೆ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ, ಬಸವೇಶ್ವರ ಮೆಡಿಕಲ್ ಕಾಲೇಜು. ಥೆರಪಿಗೆ ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದ್ರೆ ಅಂಗವಿಕಲರ ಪುನರ್ವಸತಿ ಕೇಂದ್ರ ಐತೆ, ಗೊತ್ತಿಲ್ಲದೇ ಎಷ್ಟೋ ಜನ ಮೈಸೂರಿಗೆ ಹೋಗಿ ಬರ್ತಾರೆ. ಸೀಳು ತುಟಿಯಂಥ ಹುಟ್ಟಿನ ತೊಂದರೆಗೆ ಸರ್ಕಾರದ ಮಕ್ಕಳ ಆರೋಗ್ಯ ಯೋಜನೆ ಆರ್‌ಬಿಎಸ್‌ಕೆಯಲ್ಲಿ ಉಚಿತ ಚಿಕಿತ್ಸೆ ಸಿಗುತ್ತೆ, ಆಶಾ ಅಕ್ಕನ್ನ ಕೇಳ್ರಿ.

ಬೆಂಗಳೂರು ಯಾವಾಗ ಅಂದ್ರೆ: ಎಂಡೋಸ್ಕೋಪಿ ಮಾಡಿ (ಕ್ಯಾಮೆರಾ ಕೊಳವೆ ಇಳಿಸಿ ನೋಡೋದು) ಬಯಾಪ್ಸಿಗೆ ಒಳಪದರದ ಚೂರು ತೆಗೀಬೇಕು, ಲಿವರ್ ಪಿತ್ತನಾಳದ ಅನುಮಾನ, ಕರುಳಿನ ದೊಡ್ಡ ಆಪರೇಷನ್, ಇಲ್ಲಾ ಹೇಳಿದ್ದೆಲ್ಲಾ ಸರಿಯಾಗಿ ಮಾಡಿಯೂ ತೂಕ ಬೀಳ್ತಾನೇ ಇರೋದು. ಮಕ್ಕಳಿಗೇ ಅಂತ ಇರೋ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಹತ್ರ ಐತೆ. ದಾವಣಗೆರೆಯಿಂದ 260 ಕಿಲೋಮೀಟರ್, ಚಿತ್ರದುರ್ಗದಿಂದ 200. ಹುಬ್ಬಳ್ಳಿ ದಾವಣಗೆರೆಯವರಿಗೆ 150ರ ಆಸುಪಾಸು, ಹತ್ತಿರ. ಮಣಿಪಾಲಕ್ಕೂ ಬಹಳ ಜನ ಹೋಗ್ತಾರೆ, ಆದ್ರೆ ಘಾಟ್ ರಸ್ತೆಯಲ್ಲಿ ಕಕ್ಕೋ ಕೂಸನ್ನ ಕರ್ಕೊಂಡು ಹೋಗೋದು ಅಂದ್ರೆ ಹೋಗಿ ನೋಡಿದವರಿಗೇ ಗೊತ್ತು. ಟ್ಯೂಬ್ ಇರೋ ಕೂಸಿಗೆ ಬಸ್ಸಿಗಿಂತ ಟ್ರೈನ್ ವಾಸಿ, ಎದ್ದು ಓಡಾಡಬಹುದು, ಮಲಗಿಸಬಹುದು.

ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದ ತನಕ ಐತೆ, ಎಪಿಎಲ್‌ಗೆ ಪ್ಯಾಕೇಜಿನ ಶೇಕಡಾ 30. ಎಮರ್ಜೆನ್ಸಿ ಅಲ್ಲದಿದ್ರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು, ಅದಿಲ್ಲದೇ ಪ್ರೈವೇಟಿಗೆ ನೇರ ಹೋದ್ರೆ ಕೌಂಟರಲ್ಲಿ ವಾಪಸ್ ಕಳಿಸ್ತಾರೆ. ಇದು ಅಡ್ಮಿಟ್ ಆದಾಗಿನ ಖರ್ಚಿಗೆ, ಮನೆಗೆ ತಿಂಗಳಾ ತಿಂಗಳಾ ತರೋ ಪೌಡರ್ ಡಬ್ಬಿಗೆ ಅಲ್ಲ.

ಇನ್ನೊಂದು ಯಾರೂ ಲೆಕ್ಕಕ್ಕೆ ತಗೊಳ್ಳದ ಆಯ್ಕೆ, ಬಾಣಂತನ ಯಾವ ಊರಲ್ಲಿ ಅನ್ನೋದು. ತವರು ಹೊಸದುರ್ಗದ ಕಡೆ ಹಳ್ಳಿ, ಗಂಡನ ಮನೆ ದಾವಣಗೆರೆ ಅಂದ್ರೆ ಸಂಪ್ರದಾಯ ತವರೇ ಅನ್ನುತ್ತೆ. ಇಂಥಾ ಕೂಸಿದ್ದಾಗ ವಾರಕ್ಕೊಂದ್ಸಲ ತೂಕ ನೋಡೋ, ರಾತ್ರಿ ಟ್ಯೂಬ್ ಕಿತ್ತು ಬಂದ್ರೆ ಅರ್ಧ ಗಂಟೆಯಲ್ಲಿ ಸೇರೋ ಜಾಗವೇ ಸರಿ, ಬಾಣಂತಿಯ ತಾಯಿಯನ್ನ ಅಲ್ಲಿಗೇ ಕರೆಸ್ಕೊಳ್ರಿ. ಎಲ್ಲಿದ್ರೂ ಒಂದು ನೋಟ್‌ಬುಕ್ ಇಟ್ಟು ಎಷ್ಟು ಗಂಟೆಗೆ ಎಷ್ಟು ಮಿಲಿ, ಕಕ್ಕಿದ್ದು ಯಾವ ಬಣ್ಣ, ಉಚ್ಚೆ ಎಷ್ಟು ಸಲ, ವಾರದ ತೂಕ ಬರೀರಿ. ಮಲದ ಫೋಟೋ ಮೊಬೈಲಲ್ಲಿ ತೆಗೆದಿಟ್ಕೊಳ್ರಿ, ಅಸಹ್ಯ ಅನ್ಕೋಬೇಡ್ರಿ, ಡಾಕ್ಟ್ರಿಗೆ ಹತ್ತು ನಿಮಿಷ ವಿವರಿಸೋದನ್ನ ಒಂದು ಫೋಟೋ ತೋರಿಸುತ್ತೆ. ಡಿಸ್ಚಾರ್ಜ್ ಆಗೋ ದಿನ ಟ್ಯೂಬಿನ ಸೈಜ್ ನಂಬರ್, ಮೂಗಿನ ಹತ್ರ ಎಷ್ಟು ಸೆಂಟಿಮೀಟರಿಗೆ ಗುರುತು, ಬದಲಾಯಿಸೋ ತಾರೀಖು, ಪೌಡರ್ ಎಷ್ಟು ನೀರಿಗೆ ಎಷ್ಟು ಅನ್ನೋದನ್ನ ಕನ್ನಡದಲ್ಲೇ ಬರೆಸ್ಕೊಂಡು, ಅದರ ಒಂದು ಜೆರಾಕ್ಸ್ ಅಡುಗೆಮನೆ ಬಾಗಿಲಿಗೆ, ಇನ್ನೊಂದು ಅಜ್ಜಿ ಹತ್ರ.